ಮಾತ್ರೆ ಸುರಿದವರ ಲೆಕ್ಕ ಕೇಳಿ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಕರ್ಮಿಟ್ ಎಂಬ ಊರಿದೆ. ನಾನೂರು ಜನವೂ ಇಲ್ಲದ ಆ ಊರಿನ ಒಂದೇ ಒಂದು ಔಷಧಿ ಅಂಗಡಿಗೆ ಎರಡು ವರ್ಷದಲ್ಲಿ ಬಂದಿಳಿದ ನೋವಿನ ಮಾತ್ರೆಗಳು ಸುಮಾರು 90 ಲಕ್ಷ. ಹಸುಗೂಸಿನಿಂದ ಹಣ್ಣು ಮುದುಕರವರೆಗೆ ತಲೆಗೆ ಇಪ್ಪತ್ತು ಸಾವಿರಕ್ಕೂ ಮಿಗಿಲು! ಗೋದಾಮಿನಿಂದ ಕಳಿಸಿದವರಿಗೆ, ಬಿಲ್ ಬರೆದವರಿಗೆ ಈ ಲೆಕ್ಕ ಕಾಣಲಿಲ್ಲವೇ?

ಕಂಡಿತ್ತು. ಲಾಭವೂ ಕಂಡಿತ್ತು.

2007ರಿಂದ 2012ರವರೆಗೆ, ಹದಿನೆಂಟು ಲಕ್ಷ ಚಿಲ್ಲರೆ ಜನರ ಆ ರಾಜ್ಯಕ್ಕೆ ಸಗಟು ಕಂಪನಿಗಳು ಸುರಿದದ್ದು 78 ಕೋಟಿ ಮಾತ್ರೆ. ಅವೇ ಮಾತ್ರೆ ಮಿತಿಮೀರಿ ಸತ್ತವರು 1,728 ಮಂದಿ. ಕಂಪನಿಗಳು ಮುಚ್ಚಿಡಲು ಹೆಣಗಿದ ಈ ಅಂಕಿಗಳನ್ನು ಬಯಲಿಗೆಳೆದವರು ಅಲ್ಲಿನ ಸ್ಥಳೀಯ ಪತ್ರಿಕೆಯ ವರದಿಗಾರ ಎರಿಕ್ ಐರ್.

ಅದೇ ರಾಜ್ಯ ಯಾಕೆ? ಅದು ಕಲ್ಲಿದ್ದಲ ನಾಡು. ಗಣಿಯೊಳಗೆ ಬಗ್ಗಿ ಬಗ್ಗಿ ಬೆನ್ನು ಬಿದ್ದುಹೋದವರು, ನೋವು ನುಂಗಿಕೊಂಡೇ ಪಾಳಿಗೆ ಹೋಗಬೇಕಾದವರು. ಪರ್ಡ್ಯೂ ಎಂಬ ಔಷಧಿ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಅಫೀಮು ಬಗೆಯ ನೋವಿನ ಮಾತ್ರೆ ತಂದಾಗ ಅದರ ಏಜೆಂಟರು ಡಾಕ್ಟರುಗಳ ಕಿವಿಯಲ್ಲಿ ಊದಿದ್ದು, ಚಟ ಹತ್ತುವುದು ನೂರಕ್ಕೆ ಒಬ್ಬರಿಗೂ ಇಲ್ಲ ಎಂದು. ಹಸಿ ಸುಳ್ಳು. 2007ರಲ್ಲಿ ಕಂಪನಿಯೂ ಅದರ ಮೂವರು ಅಧಿಕಾರಿಗಳೂ ತಪ್ಪೊಪ್ಪಿಕೊಂಡರು. ದಂಡ ಕಟ್ಟಿದರು. ಒಬ್ಬನೂ ಜೈಲು ಕಾಣಲಿಲ್ಲ. ಬೀದಿಯಲ್ಲಿ ಪುಡಿ ಪೊಟ್ಟಣ ಹಿಡಿದ ಬಡ ಹುಡುಗನಿಗೆ ಮಾತ್ರ ಕೋಳ.

ಚಟ ಹತ್ತಿಸಿದ ಮೇಲೆ ಮಾತ್ರೆಯ ಪೂರೈಕೆ ಬಿಗಿಯಾಯಿತು. ಜನ ಹೆರಾಯಿನ್‌ಗೆ ಇಳಿದರು, ಅಲ್ಲಿಂದ ಫೆಂಟನಿಲ್‌ಗೆ. 2021ರಲ್ಲಿ ಆ ರಾಜ್ಯದ ಲಕ್ಷ ಜನರಲ್ಲಿ ಸುಮಾರು 90 ಮಂದಿ ಮಾದಕ ವಸ್ತು ಮಿತಿಮೀರಿ ಸತ್ತರು. ದೇಶದ ಸರಾಸರಿ 32.

ನನ್ನ ರಕ್ತ ಕುದಿಸುವುದು ಇನ್ನೊಂದು ಕಾಗದ. 2017ರಲ್ಲಿ ಮೆಕಿನ್ಸಿ ಎಂಬ ಸಲಹಾ ಸಂಸ್ಥೆ ಪರ್ಡ್ಯೂಗೆ ಒಂದು ಉಪಾಯ ಹೇಳಿಕೊಟ್ಟಿತು: ನಿಮ್ಮ ಮಾತ್ರೆಯಿಂದ ಗಿರಾಕಿಗಳು ಚಟಕ್ಕೆ ಬಿದ್ದರೆ, ಮಿತಿಮೀರಿ ನುಂಗಿ ಬಿದ್ದರೆ, ಅದನ್ನು ಮಾರಿದ ವಿತರಕ ಕಂಪನಿಗೆ ತಲೆಗೆ ಇಷ್ಟೆಂದು ರಿಯಾಯಿತಿ ಕೊಡಿ. ಒಂದು ತಲೆಗೆ 14,810 ಡಾಲರ್ ಎಂದು ಅಂದಾಜೂ ಹಾಕಿತ್ತು. ಓದಿದ, ಕೋಟು ತೊಟ್ಟ ಜನ ತಣ್ಣಗಿನ ಕೋಣೆಯಲ್ಲಿ ಕೂತು ಮಾಡಿದ ಲೆಕ್ಕವಿದು. ಕಟುಕನೂ ಕುರಿಯ ಮೈ ಸವರುತ್ತಾನೆ. ಇವರಿಗೆ ಅಷ್ಟೂ ಇಲ್ಲ.

ಅಫೀಮಿನ ಮದ್ದು ಮೀರಿದರೆ ಕಣ್ಣಪಾಪೆ ಗುಂಡುಸೂಜಿ ತಲೆಯಷ್ಟಾಗುತ್ತದೆ, ತುಟಿ ನೀಲಿಗಟ್ಟುತ್ತದೆ, ಉಸಿರಾಡುವುದನ್ನೇ ಮೆದುಳು ಮರೆಯುತ್ತದೆ. ಮೂಗಿಗೆ ನಲಾಕ್ಸೋನ್ ಸಿಂಪಡಿಸಿದರೆ ಎರಡು ಮೂರು ನಿಮಿಷದಲ್ಲಿ ಉಸಿರು ಮರಳಬಲ್ಲದು. ಇಷ್ಟು ಸರಳವಾದ ಮದ್ದು ಚೀಟಿಯಿಲ್ಲದೆ ಮಾರಲು ಅಮೆರಿಕ ಒಪ್ಪಿದ್ದು 2023ರಲ್ಲಿ! ಅಷ್ಟರಲ್ಲಿ ಎಷ್ಟು ತಾಯಂದಿರು ಮಕ್ಕಳನ್ನು ಮಣ್ಣು ಮಾಡಿದ್ದರು?

2024ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಇಂಥ ಸಾವುಗಳು ನೂರಕ್ಕೆ 35ಕ್ಕಿಂತ ಹೆಚ್ಚು ಇಳಿದವು. ಸಂತೋಷವೇ. ಆದರೆ ಗೆರೆ ಕೆಳಗಿಳಿಯಿತೆಂದು ಪಾಪ ತೊಳೆದುಹೋಗದು. ಪರ್ಡ್ಯೂದಿಂದ ಸಾವಿರ ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದುಕೊಂಡ ಮಾಲೀಕ ಸ್ಯಾಕ್ಲರ್ ಕುಟುಂಬದ ಒಬ್ಬರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ.

ನಮ್ಮ ಟಿವಿಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿದ ಹುಡುಗನನ್ನು ತೋರಿಸಿ 'ಡ್ರಗ್ಸ್ ಜಾಲ' ಎಂದು ಕೂಗುವಾಗ, ಓದುಗರೇ, ಅವನ ಕೈಗೆ ಬಂದ ಮಾತ್ರೆ ಯಾವ ಕಾರ್ಖಾನೆಯದು, ಲೈಸೆನ್ಸ್ ಕೊಟ್ಟವರು ಯಾರು ಎಂದು ಕೇಳಿ. ಉತ್ತರ ಸಿಗುವವರೆಗೂ ಬಿಡಬೇಡಿ.