ಬಿದ್ದ ವಿಮಾನಗಳಿಗೂ ಜಾಗ ಕೊಡಿ

ಬೆಂಗಳೂರಿನ ಎಚ್‌ಎಎಲ್ ವಿಮಾನ ಸಂಗ್ರಹಾಲಯ ಆರಂಭವಾದದ್ದು 2001ರಲ್ಲಿ. ಅಲ್ಲಿಗೆ ಶಾಲಾ ಪ್ರವಾಸದ ಮಕ್ಕಳು ಬರುತ್ತಾರೆ, ವಿಮಾನ ಹಾರಿಸಲು ಕಲಿಯುತ್ತಿರುವವರೂ ಬರುತ್ತಾರೆ. ಮಕ್ಕಳಿಗೆ ಬೆರಗು ಸಾಕು. ಕಲಿಯುವವರಿಗೆ ಅದು ಸಾಲದು. ಆದರೆ ಇಂಥ ಸಂಗ್ರಹಾಲಯ ಎಂದರೆ ಹೆಮ್ಮೆಪಟ್ಟು ಫೋಟೊ ತೆಗೆಸಿಕೊಂಡು ಬರುವ ಜಾಗ ಎಂದಷ್ಟೇ ನಾವು ತಿಳಿದಿದ್ದೇವೆ. ನನ್ನ ತಕರಾರು ಇರುವುದು ಈ ತಿಳಿವಳಿಕೆಯ ಬಗ್ಗೆ.

ಅಂಗಳದಲ್ಲಿ ಮಾರುತ್ ನಿಂತಿದೆ. ದೇಶದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ. ಜರ್ಮನಿಯ ಕುರ್ಟ್ ಟ್ಯಾಂಕ್ ಇದರ ವಿನ್ಯಾಸಕಾರ. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಹೆಮ್ಮೆಯ ಕತೆ ಇಲ್ಲಿಗೆ ಮುಗಿಯುತ್ತದೆ, ಕಲಿಯಬೇಕಾದ್ದು ಇಲ್ಲಿಂದ ಶುರುವಾಗುತ್ತದೆ. ಧ್ವನಿಯ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ ಈ ವಿಮಾನಕ್ಕೆ ತಕ್ಕ ಎಂಜಿನ್ ಕೊನೆಯವರೆಗೂ ಸಿಗಲಿಲ್ಲ. ನಂಬಿಕೊಂಡಿದ್ದ ಬ್ರಿಟಿಷ್ ಎಂಜಿನ್‌ನ ಕೆಲಸ ಅರ್ಧಕ್ಕೇ ನಿಂತಿತು. ಕಡಿಮೆ ಬಲದ ಆರ್ಫಿಯಸ್ 703 ಹೊತ್ತೇ ಹಾರಬೇಕಾಯಿತು. ಬಲ ಹೆಚ್ಚಿಸಲೆಂದು ಆಫ್ಟರ್‌ಬರ್ನರ್ ಅಳವಡಿಸಿದ ಮಾದರಿಯನ್ನು ಪರೀಕ್ಷಿಸುವಾಗ, 1970ರ ಜನವರಿ 10ರಂದು, ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಮಾರುತ್‌ನ ಮೊದಲ ಹಾರಾಟ ನಡೆಸಿದವರೂ ಅವರೇ. ಅವರ ಹೆಸರಿನ ರಸ್ತೆಯಲ್ಲಿ ದಿನವೂ ಟ್ರಾಫಿಕ್‌ಗೆ ಸಿಕ್ಕಿಬೀಳುವ ಎಷ್ಟು ಜನರಿಗೆ ಅವರು ಯಾರೆಂದು ಗೊತ್ತು?

ಅಲ್ಲಿಂದ ಕೆಲವೇ ಕಿ.ಮೀ. ದೂರದಲ್ಲಿ ಒಂದು ಗಾಲ್ಫ್ ಮೈದಾನವಿದೆ. 1990ರ ಫೆಬ್ರುವರಿ 14ರಂದು, ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ರನ್‌ವೇ ಮುಟ್ಟುವ ಮೊದಲೇ ಆ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಜನ ಸತ್ತರು. ಇಳಿಯುವ ಹೊತ್ತಿನಲ್ಲಿ ಎಂಜಿನ್‌ಗಳು ಅತಿ ಕಡಿಮೆ ಶಕ್ತಿಯಲ್ಲಿದ್ದವು, ವೇಗ ಕುಸಿಯುತ್ತಿತ್ತು. ಪೈಲಟ್‌ಗಳು ಅದನ್ನು ಗಮನಿಸುವಷ್ಟರಲ್ಲಿ ಹೊತ್ತು ಮೀರಿತ್ತು ಎಂದು ತನಿಖೆ ಹೇಳಿತು. ಯಂತ್ರವೇ ತನ್ನಷ್ಟಕ್ಕೆ ಎಲ್ಲ ನೋಡಿಕೊಳ್ಳುವಾಗ ಪೈಲಟ್ ಏನನ್ನು ನೋಡುತ್ತಿರಬೇಕು? ಕಲಿಯುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಸೋಲು, ಸಾವುಗಳನ್ನು ತೋರಿಸಿದರೆ ಮಕ್ಕಳ ಉತ್ಸಾಹ ಕುಗ್ಗುತ್ತದೆ ಎನ್ನುವವರಿದ್ದಾರೆ. ನಮ್ಮ ಮಲ್ಲಟದ ಕಡೆ ಹೊಸದಾಗಿ ಟ್ರ್ಯಾಕ್ಟರ್ ಹತ್ತುವ ಹುಡುಗನಿಗೆ ಹಿರಿಯರು ಮೊದಲು ತೋರಿಸುವುದು ಕಾಲುವೆ ದಂಡೆಯ ಮೇಲೆ ಹಿಂದೊಮ್ಮೆ ಟ್ರ್ಯಾಕ್ಟರ್ ಪಲ್ಟಿಯಾದ ತಿರುವನ್ನು. ಅದರಿಂದ ಯಾವ ಹುಡುಗನೂ ಟ್ರ್ಯಾಕ್ಟರ್ ಬಿಟ್ಟು ಓಡಿಲ್ಲ. ತಿರುವಿನಲ್ಲಿ ನಿಧಾನಿಸುತ್ತಾನೆ, ಅಷ್ಟೆ.

ಸತ್ತವರಿಗೆ ಅವಮಾನ ಎಂಬ ಮಾತೂ ಇದೆ. 1985ರಲ್ಲಿ ಜಪಾನ್ ಏರ್‌ಲೈನ್ಸ್‌ನ ಒಂದು ವಿಮಾನ ಬಿದ್ದು 520 ಜನ ಸತ್ತರು. ಆ ವಿಮಾನದ ಅವಶೇಷಗಳನ್ನು ಕಂಪನಿಯೇ 2006ರಲ್ಲಿ ಟೋಕಿಯೊದ ಹನೇಡಾದಲ್ಲಿ ಪ್ರದರ್ಶನಕ್ಕಿಟ್ಟಿತು, ತನ್ನ ನೌಕರರು ನೋಡಲೆಂದು. ನನ್ನ ಮಟ್ಟಿಗೆ ಸತ್ತವರಿಗೆ ಅವಮಾನವಾಗುವುದು ಅವರು ಯಾಕೆ ಸತ್ತರೆಂಬುದನ್ನು ಮರೆತಾಗ.

ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅಷ್ಟರಲ್ಲಿ ಎದುರಾಗುವ ಅಪಾಯಗಳು ಕೆಲವೇ. ಉಳಿದವುಗಳನ್ನು ಬೇರೆಯವರ ಅನುಭವದಿಂದಲೇ ತಿಳಿಯಬೇಕು. ಸಂಗ್ರಹಾಲಯದ ಒಳಗೆ ಎಂಜಿನ್‌ಗಳನ್ನು ಅಡ್ಡ ಸೀಳಿ, ಒಳಗೇನಿದೆ ಎಂದು ತೋರಿಸಿದ್ದಾರೆ. ಒಳ್ಳೆಯ ಕೆಲಸ. ಒಂದು ತಪ್ಪು ಲೆಕ್ಕಾಚಾರವನ್ನೂ ಒಂದು ಅಪಘಾತವನ್ನೂ ಹಾಗೆಯೇ ಸೀಳಿ ತೋರಿಸಬಹುದು. ಮಾರುತ್‌ನ ಎಂಜಿನ್ ಕತೆ, ದಾಸ್ ಅವರ ಕೊನೆಯ ಹಾರಾಟ, ಗಾಲ್ಫ್ ಮೈದಾನದ ಆ ಮಧ್ಯಾಹ್ನ ಇವೆಲ್ಲ ಎದ್ದು ಕಾಣುವಂತೆ, ಸರಳ ಕನ್ನಡದಲ್ಲಿ ಇರಬೇಕು. ರಾಯಚೂರಿನಿಂದ ರಾತ್ರಿಯಿಡೀ ಪ್ರಯಾಣಿಸಿ ಬರುವ, ಪೈಲಟ್ ಆಗಬೇಕೆಂದಿರುವ ಹುಡುಗಿ ಒಂದು ಫೋಟೊದ ಜೊತೆಗೆ ಇಷ್ಟನ್ನಾದರೂ ತಿಳಿದು ಊರಿಗೆ ಮರಳಲಿ.