ಮುದುಕರ ಸೂರು ಯಾರ ಖಾತೆಗೆ?

ಸಿದ್ಧೇಶ್ವರ ಗುಡಿಯ ಸುತ್ತಮುತ್ತ ಅಂಗಡಿ ಇಟ್ಟುಕೊಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಗುಡಿಗೆ ಬರುವ ಹಿರಿಯರಲ್ಲಿ ಕೈಮುಗಿದು ಮನೆಗೆ ಹೋಗುವವರು ಬೇರೆ. ಕೈಮುಗಿದ ಮೇಲೂ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಟ್ಟೆಯ ಮೇಲೆ ಕುಳಿತೇ ಇರುವವರು ಬೇರೆ. ಊಟದ ಚಿಂತೆ ಹೇಗೋ ನೀಗುತ್ತದೆ. ದಾಸೋಹದ ನಾಡಿದು, ಒಂದು ತುತ್ತು ಯಾರಾದರೂ ಹಾಕುತ್ತಾರೆ. ಆದರೆ ರಾತ್ರಿ ಮೈಚಾಚಲು ನಾಲ್ಕು ಮೊಳ ಜಾಗ, ತಲೆಯ ಮೇಲೊಂದು ಸೂರು ಯಾರು ಕೊಡಬೇಕು? ಈ ಪ್ರಶ್ನೆಗೆ ಸರಕಾರದಲ್ಲಿ ಉತ್ತರ ಇಲ್ಲವೆಂದಲ್ಲ. ಉತ್ತರಗಳು ಬಹಳ ಇವೆ, ಆದರೆ ಒಂದೊಂದು ಒಂದೊಂದು ಕಚೇರಿಯಲ್ಲಿವೆ. ತೊಡಕು ಇರುವುದು ಇಲ್ಲಿಯೇ.

ಮುದುಕರ ಪಿಂಚಣಿ ಕಂದಾಯ ಇಲಾಖೆಯದು. ಅರ್ಜಿ ಹೋಗುವುದು ನಾಡಕಚೇರಿಗೆ. ವೃದ್ಧಾಶ್ರಮದ ವಿಷಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಮನೆ ಕಟ್ಟಿಸಿಕೊಡುವ ಯೋಜನೆ ರಾಜೀವ್ ಗಾಂಧಿ ವಸತಿ ನಿಗಮದ್ದು. ಹೆಸರು ಆರಿಸುವುದು ಹಳ್ಳಿಯಲ್ಲಿ ಗ್ರಾಮಸಭೆ. ಊರೊಳಗಿನ ನಿರ್ಗತಿಕರ ರಾತ್ರಿ ತಂಗುದಾಣ ಮಹಾನಗರ ಪಾಲಿಕೆಯದು. ಮಕ್ಕಳ ಮೇಲಿನ ತಕರಾರು ಉಪವಿಭಾಗಾಧಿಕಾರಿಗಳ ಮುಂದೆ. ಕಾಲುನೋವು, ಕಣ್ಣಿನ ಪೊರೆ ಆರೋಗ್ಯ ಇಲಾಖೆಗೆ. ಅಂಗಡಿಕಾರರ ಮಾತಿನಲ್ಲಿ ಹೇಳುವುದಾದರೆ, ಮುದುಕನ ಹೆಸರು ಎಲ್ಲರ ಖಾತೆಯಲ್ಲೂ ಇದೆ, ಬಾಕಿ ತೀರಿಸುವವರು ಮಾತ್ರ ಯಾರೂ ಇಲ್ಲ. "ಇದು ನಮ್ಮ ಕಡೆ ಬರೂದಿಲ್ಲ ಯಜ್ಜಾ, ಆ ಆಫೀಸಿಗೆ ಹೋಗ್ರಿ" ಎನ್ನುವ ಮಾತು ಕೇಳದ ಹಿರಿಯರು ಕಡಿಮೆ.

2007ರಲ್ಲಿ ಸಂಸತ್ತು ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯನ್ನು ಮಾಡಿತು. ಮರುವರ್ಷ ಅದು ಕರ್ನಾಟಕದಲ್ಲೂ ಜಾರಿಗೆ ಬಂತು. ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಅದರಲ್ಲಿ ಅವಕಾಶವಿದೆ. ಹಿರಿಯರನ್ನು ಬೀದಿಗೆ ಬಿಟ್ಟುಹೋದವರಿಗೆ 3 ತಿಂಗಳ ಸಜೆ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಿದೆ. ಪ್ರತಿ ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗ ಎಂದೂ ಬರೆದಿದೆ. ಆದರೆ ಅಲ್ಲಿಯೇ ಒಂದು ಸಣ್ಣ ಪದ ಕುಳಿತಿದೆ: ಸರಕಾರ ಇದನ್ನು 'ಮಾಡಬಹುದು'. 'ಮಾಡಲೇಬೇಕು' ಎಂದಿಲ್ಲ. ಆ ಒಂದು ಪದದ ಸಂದಿಯಲ್ಲಿ ಎಷ್ಟು ಹಿರಿಯರ ಹಾಸಿಗೆ ಕಳೆದುಹೋಯಿತೋ! 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಜಿಲ್ಲಾವಾರು ವೃದ್ಧಾಶ್ರಮಗಳ ಲೆಕ್ಕ ತರಿಸಿಕೊಳ್ಳಲು ಕೇಂದ್ರಕ್ಕೆ ಸೂಚಿಸಿತು. 2019ರಲ್ಲಿ ಕಾಯಿದೆ ತಿದ್ದುವ ಮಸೂದೆ ಲೋಕಸಭೆಗೆ ಬಂತು. ಪಾಸಾಗದೆ 2024ರಲ್ಲಿ ಆ ಲೋಕಸಭೆಯ ಜೊತೆಗೇ ಬಿದ್ದುಹೋಯಿತು.

ವೃದ್ಧಾಶ್ರಮವೊಂದೇ ಮದ್ದು ಎನ್ನುವುದೂ ತಪ್ಪು. ಈ ಭಾಗದಲ್ಲಿ ಸೂರಿನ ಚಿಂತೆಯ ಹಿರಿಯರು ಮೂರು ತರಹದವರು. ಮೊದಲನೆಯವರಿಗೆ ಮನೆ ಇದೆ, ಮಂದಿ ಇಲ್ಲ. ಮಗ ಸೊಸೆ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿರುತ್ತಾರೆ, ಇಲ್ಲವೇ ಸಾಂಗಲಿ ಕಡೆ ಕಬ್ಬು ಕಡಿಯಲು. ಟಿಕೋಟಾ ಸೀಮೆಯ ದ್ರಾಕ್ಷಿ ತೋಟಗಳಿಗೆ ಹೆಸರು ಬಂದಿರಬಹುದು, ಬಬಲೇಶ್ವರದ ಹೊಲಗಳಿಗೆ ಕೃಷ್ಣೆಯ ನೀರು ಹರಿದಿರಬಹುದು. ಹೊಲವಿಲ್ಲದವರ ಗುಳೆ ಮಾತ್ರ ನಿಂತಿಲ್ಲ. ಎರಡನೆಯವರಿಗೆ ಮನೆ ಇತ್ತು, ಮಕ್ಕಳ ಹೆಸರಿಗೆ ಬರೆದುಕೊಟ್ಟು ಹೊರಗಾದರು. ಮೂರನೆಯವರಿಗೆ ಮೊದಲಿನಿಂದಲೂ ಮನೆಯೇ ಇಲ್ಲ. ಬಾಡಿಗೆ ಖೋಲಿಯಲ್ಲಿ ಬಾಳುವೆ ಸವೆಸಿದ ಹಮಾಲರು, ಮನೆಗೆಲಸದ ಹೆಂಗಸರು, ಹೊತ್ತು ಮಾರುವವರು. ಮೂವರಿಗೂ ಬೇಕಾದದ್ದು ಬೇರೆ ಬೇರೆ. ಮೊದಲನೆಯವರಿಗೆ ದಿನಕ್ಕೊಮ್ಮೆ ಬಾಗಿಲು ತಟ್ಟಿ ವಿಚಾರಿಸುವವರು ಬೇಕು. ಎರಡನೆಯವರಿಗೆ ಅವರ ಮನೆಯೇ ವಾಪಸು ಬೇಕು. ಮೂರನೆಯವರಿಗೆ ಹಾಸಿಗೆ ಬೇಕು.

ಸರಕಾರದ ಯೋಜನೆಗಳು ಈ ಮೂವರಿಗೆ ಹೇಗೆ ಹೊಂದುತ್ತವೆ ನೋಡಿರಿ. ಸಂಧ್ಯಾ ಸುರಕ್ಷಾ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಕೊಡುತ್ತದೆ. ದಿನಕ್ಕೆ 40 ರೂಪಾಯಿ. ಇದರಲ್ಲಿ ಖೋಲಿ ಬಾಡಿಗೆ, ಗುಳಿಗೆ, ಚಾ, ಜೋಳದ ಹಿಟ್ಟು ಎಲ್ಲ ಹೊಂದಿಸಬೇಕು. ಉದ್ರಿ ಬರೆಯುವ ಕಿರಾಣಿ ಅಂಗಡಿಯವರಿಗೆ ಈ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ಇನ್ನು ಮನೆ ಯೋಜನೆ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್‌ನಲ್ಲಿ ಬಯಲು ಪ್ರದೇಶಕ್ಕೆ 1 ಲಕ್ಷ 20 ಸಾವಿರ ಎಂದು ಗೊತ್ತುಪಡಿಸಲಾಯಿತು. ರೊಕ್ಕ ಬರುವುದು ಕೆಲಸ ಎದ್ದಂತೆ, ಕಂತು ಕಂತಾಗಿ. ಕಟ್ಟಡ ಇಷ್ಟು ಎದ್ದಿದೆ ಎಂದು ಫೋಟೋ ತೋರಿಸಬೇಕು, ಆಮೇಲೆ ಮುಂದಿನ ಕಂತು. ಎಪ್ಪತ್ತು ದಾಟಿದ ಒಂಟಿ ಹೆಂಗಸು ಗೌಂಡಿಯನ್ನು ಹುಡುಕಿ, ಉಸುಕು ಸಿಮೆಂಟು ತರಿಸಿ, ನಿಂತು ಗೋಡೆ ಏಳಿಸುವುದು ಹೇಗೆ? ಈ ಯೋಜನೆ ದುಡಿಯುವ ಸಂಸಾರಕ್ಕೆ ಹೊಲಿದ ಅಂಗಿ; ಮುದುಕರ ಮೈಗೆ ಅದು ಕೂಡುವುದಿಲ್ಲ.

ನಗರದ ತಂಗುದಾಣದ್ದೂ ಇದೇ ಕಥೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಲ್ಲಿ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿ ನಿರ್ಗತಿಕರಿಗೆ ಆಶ್ರಯ ಎಂದಿತ್ತು. 2011ರ ಜನಗಣತಿಯಲ್ಲೇ ಊರಿನ ಜನಸಂಖ್ಯೆ 3 ಲಕ್ಷ 27 ಸಾವಿರ. ಅಂದರೆ ಅಂದಿನ ಲೆಕ್ಕಕ್ಕೇ 300 ಮಂದಿಗೆ ಮೇಲ್ಪಟ್ಟು. ಆದರೆ ತಂಗುದಾಣ ರಾತ್ರಿ ಮಲಗಿ ಬೆಳಿಗ್ಗೆ ಏಳುವವರ ಲೆಕ್ಕಾಚಾರದ್ದು. ಎದ್ದು ನಡೆಯಲಾರದವರನ್ನು ಅಲ್ಲಿಂದ ವೃದ್ಧಾಶ್ರಮಕ್ಕೋ ಆಸ್ಪತ್ರೆಗೋ ಒಯ್ಯುವ ಹೊಣೆ ಯಾರದು? ಮತ್ತೆ ಅದೇ ಪ್ರಶ್ನೆ: ಯಾರ ಖಾತೆ?

ಟಿಕೋಟಾ, ಬಬಲೇಶ್ವರ 2018ರಲ್ಲಿ ಹೊಸ ತಾಲೂಕುಗಳಾದವು. ತಹಶೀಲ್ದಾರ ಕಚೇರಿ ಹತ್ತಿರ ಬಂತು, ಸಂತೋಷ. ಆದರೆ ಮಕ್ಕಳ ಮೇಲಿನ ಅರ್ಜಿ ಕೇಳುವ ಉಪವಿಭಾಗಾಧಿಕಾರಿ, ಹಿರಿಯರ ಇಲಾಖೆಯ ಜಿಲ್ಲಾ ಅಧಿಕಾರಿ ಎಲ್ಲ ವಿಜಯಪುರದಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅಜ್ಜಿಗೆ ಬಸ್ ಚಾರ್ಜು ಇಲ್ಲ. ಅರವತ್ತು ದಾಟಿದ ಅಜ್ಜನಿಗೆ ನೂರಕ್ಕೆ 25 ರಿಯಾಯಿತಿ. ಇದು ಒಳ್ಳೆಯದೇ. ಆದರೆ ಬಸ್ಸು ಪುಕ್ಕಟೆಯಾದರೆ ಕೆಲಸ ಆಯಿತೇ? "ಸಾಹೇಬ್ರು ಮೀಟಿಂಗಿನ್ಯಾಗ ಅದಾರ, ಸೋಮವಾರ ಬರ್ರಿ" ಎಂದರೆ ಆ ಮುದಿ ಜೀವ ಮತ್ತೆ ಬಸ್ಸಿನ ಕಂಬಿ ಹಿಡಿದು ನಿಂತು ಬರಬೇಕು. ಸರಕಾರ ಟಿಕೀಟು ಮಾಫಿ ಮಾಡಿತು, ತಿರುಗಾಟ ಮಾಫಿ ಮಾಡಲಿಲ್ಲ.

ಇಲಾಖೆಗಳು ಕೂಡಿ ಕೆಲಸ ಮಾಡುವುದು ಆಗದ ಮಾತೇನಲ್ಲ. ಜಪಾನಿನಲ್ಲಿ 1987ರಲ್ಲೇ ಕಟ್ಟಡ ಮಂತ್ರಾಲಯ ಮತ್ತು ಆರೋಗ್ಯ ಕಲ್ಯಾಣ ಮಂತ್ರಾಲಯ ಒಂದಾಗಿ 'ಸಿಲ್ವರ್ ಹೌಸಿಂಗ್' ಶುರು ಮಾಡಿದವು. ಒಬ್ಬರು ಮನೆ ಕಟ್ಟಿಸಿದರು, ಇನ್ನೊಬ್ಬರು ಅಲ್ಲಿನ ಹಿರಿಯರನ್ನು ದಿನವೂ ವಿಚಾರಿಸುವ ಸಹಾಯಕರನ್ನು ಕೊಟ್ಟರು. ಸಿಂಗಾಪುರದಲ್ಲಿ 2021ರಲ್ಲಿ ವಸತಿ ಮಂಡಳಿ ಮತ್ತು ಆರೋಗ್ಯ ಮಂತ್ರಾಲಯ ಸೇರಿ ಹಿರಿಯರಿಗೆಂದೇ ಮನೆಗಳನ್ನು ಮುಂದಿಟ್ಟವು. ಮನೆಯ ಜೊತೆಗೇ ಆರೈಕೆಯ ಕರಾರು. ಅಲ್ಲಿ ರೊಕ್ಕ ಬಹಳ, ಇಲ್ಲಿ ಕಡಿಮೆ ಎನ್ನಬಹುದು. ಆದರೆ ಎರಡು ಕಚೇರಿಯವರು ಒಂದು ಮೇಜಿಗೆ ಕೂಡುವುದಕ್ಕೆ ಎಷ್ಟು ರೊಕ್ಕ ಬೇಕು?

ಇಲ್ಲಿ ಆಗಬೇಕಾದ ಕೆಲಸಗಳು ದೊಡ್ಡವಲ್ಲ. ತಿಂಗಳಿಗೆ ಒಂದು ಗೊತ್ತಾದ ದಿನ ಕಂದಾಯ, ಹಿರಿಯರ ಇಲಾಖೆ, ಪಾಲಿಕೆ, ಆರೋಗ್ಯ, ಪೊಲೀಸು ಎಲ್ಲರೂ ಒಂದೇ ಕಡೆ ಕುಳಿತು ಅರ್ಜಿ ಕೇಳಲಿ: ಒಂದು ತಿಂಗಳು ಗುಡಿಯ ಸಮೀಪ, ಒಂದು ತಿಂಗಳು ಟಿಕೋಟಾ, ಒಂದು ತಿಂಗಳು ಬಬಲೇಶ್ವರ. ಒಂದೇ ಅರ್ಜಿ ಇರಲಿ; ಕಾಗದ ತಿರುಗಲಿ, ಮುದುಕ ತಿರುಗುವುದು ಬೇಡ. ಹಳ್ಳಿಯಲ್ಲಿ ಒಂಟಿ ಹಿರಿಯರ ಪಟ್ಟಿ ಪಂಚಾಯಿತಿಯಲ್ಲಿರಲಿ, ಆಶಾ ಕಾರ್ಯಕರ್ತೆಯ ಕೈಯಲ್ಲೂ ಇರಲಿ. ಬಡವರಿಗೆ ಕಟ್ಟುವ ಮಹಡಿ ಮನೆಗಳಲ್ಲಿ ನೆಲಮಹಡಿ ಹಿರಿಯರಿಗೆ ಎನ್ನುವ ಸೂಚನೆಯನ್ನು ಹಂಚಿಕೆಯ ದಿನ ಮರೆಯದಿರಲಿ. ಜಿಲ್ಲೆಯಲ್ಲಿ ಹಿರಿಯರಿಗೆಂದು ಇರುವ ಹಾಸಿಗೆಗಳೆಷ್ಟು, ಖಾಲಿ ಎಷ್ಟು ಎಂದು ಪ್ರತಿ ತಿಂಗಳು ಬೋರ್ಡಿಗೆ ಬರೆದು ಹಚ್ಚಲಿ.

ಮತ್ತೊಂದು ಕೆಲಸ ಸಬ್ ರಜಿಸ್ಟ್ರಾರ ಕಚೇರಿಯದು. ಆಸ್ತಿ ಬರೆಸಿಕೊಂಡ ಮಗ ನೋಡಿಕೊಳ್ಳದಿದ್ದರೆ ದಾನಪತ್ರ ರದ್ದಾಗುತ್ತದೆ ಎಂದು ಕಾಯಿದೆಯ 23ನೇ ಕಲಮು ಹೇಳುತ್ತದೆ. ಆದರೆ 'ನೋಡಿಕೊಳ್ಳಬೇಕು' ಎಂಬ ಷರತ್ತು ಇದ್ದದ್ದು ರುಜುವಾಗಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. 2025ರ ಜನವರಿ 2ರಂದು ಅದೇ ಕೋರ್ಟು ಒಬ್ಬ ತಾಯಿಯ ದಾನಪತ್ರ ರದ್ದುಮಾಡಿ ಆಸ್ತಿಯ ಕಬಜೆ ವಾಪಸು ಕೊಡಿಸಿತು; ಇಂಥ ಅರ್ಜಿಗಳಲ್ಲಿ ಮನೆ ಬಿಡಿಸಿಕೊಡುವ ಅಧಿಕಾರ ನ್ಯಾಯಮಂಡಳಿಗೆ ಉಂಟೆಂದೂ ಹೇಳಿತು. ಆದ್ದರಿಂದ ಹೆಬ್ಬೆಟ್ಟು ಒತ್ತುವ ಮೊದಲು ಆ ಒಂದು ಸಾಲು ಪತ್ರದಲ್ಲಿ ಇದೆಯೇ ಎಂದು ಹಿರಿಯರಿಗೆ ಓದಿ ಹೇಳುವ ಪದ್ಧತಿ ಬರಲಿ. ಅರ್ಧ ನಿಮಿಷದ ಕೆಲಸ. ಅದರಿಂದ ಉಳಿಯುವ ಮನೆಗಳು ಎಷ್ಟೋ! ದುಡಿಮೆಯ ಮನೆಯನ್ನು ಪ್ರೀತಿಯಿಂದ ಬರೆದುಕೊಡುವ ಅಂಗಡಿಕಾರರೂ ಈ ಮಾತು ನೆನಪಿಡುವುದು ಒಳಿತು.

"ಮಕ್ಕಳಿದ್ದೂ ಸರಕಾರ ಯಾಕ್ರಿ ನೋಡಬೇಕು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತು. ಕಾಯಿದೆಯೂ ಮೊದಲ ಹೊಣೆ ಮಕ್ಕಳ ಮೇಲೆಯೇ ಹೊರಿಸಿದೆ. ಆದರೆ ಗೋವಾದ ತಗಡಿನ ಶೆಡ್ಡಿನಲ್ಲಿ ತಾನೇ ಕಾಲು ಮುದುರಿ ಮಲಗುವ ಮಗ ಅವ್ವನನ್ನು ಎಲ್ಲಿ ಇಟ್ಟುಕೊಳ್ಳಬೇಕು? ಮಕ್ಕಳೇ ಇಲ್ಲದವರು ಯಾರ ಮೇಲೆ ಅರ್ಜಿ ಹಾಕಬೇಕು?

ಮನಸ್ಸು ಮಾಡಿದರೆ ಜಿಲ್ಲಾಧಿಕಾರಿಗಳಿಗೆ ಇದು ದೊಡ್ಡ ಕೆಲಸವಲ್ಲ. ಕಾಯಿದೆಯ ಮೇಲ್ಮನವಿ ಕೇಳುವವರೂ ಅವರೇ, ಎಲ್ಲ ಇಲಾಖೆಯವರನ್ನು ಒಂದು ಮೇಜಿಗೆ ಕರೆಯಬಲ್ಲವರೂ ಅವರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಈ ಊರಿನ ಕಚೇರಿಗಳಿಗೆ ಅನ್ವಯಿಸದಿರಲಿ. ಸಂಕ್ರಾಂತಿಯ ಜಾತ್ರೆಗೆ ಎಲ್ಲ ಇಲಾಖೆಗಳು ಕೂಡಿ ನೀರು, ದೀಪ, ಬಂದೋಬಸ್ತು ಮಾಡುವುದನ್ನು ಜನ ವರ್ಷವೂ ನೋಡುತ್ತಾರೆ. ಜಾತ್ರೆಗೆ ಕೂಡುವವರು ಮುದುಕರ ಸೂರಿಗೂ ತಿಂಗಳಿಗೊಮ್ಮೆ ಕೂಡಬಾರದೇ? ಮೊದಲ ಸಭೆಯ ತಾರೀಖನ್ನು ಸಂಬಂಧಪಟ್ಟವರು ಬೇಗ ಪ್ರಕಟಿಸಲಿ. ಕಟ್ಟೆಯ ಮೇಲೆ ಕುಳಿತವರಿಗೆ ಬಹಳ ಕಾಯಲು ವಯಸ್ಸಿಲ್ಲ.