ಚೀಟಿಯ ಸಾಕ್ಷ್ಯ, ತಂತಿಯ ಸಾಕ್ಷ್ಯ

ದಸ್ತಾವೇಜಿನಲ್ಲಿ ಏನು ಬರೆದಿದೆ ಎಂಬುದು ಒಂದು ಪ್ರಶ್ನೆ. ಬರೆದದ್ದು ಏನನ್ನು ಸಾಬೀತುಪಡಿಸುತ್ತದೆ ಎಂಬುದು ಇನ್ನೊಂದು. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆಲ್ಲ ಪರಿಚಿತವಾದ ಈ ಭೇದವು ಎಲೆಕ್ಟ್ರಿಕ್ ಗಿಟಾರಿಗೆ ಪಿಕಪ್ ಕೊಳ್ಳಲು ಹೊರಟವನಿಗೂ ಉಪಯೋಗಕ್ಕೆ ಬರುತ್ತದೆ. ಸಾವಿರಾರು ರೂಪಾಯಿ ಬೆಲೆಯ ಪುಟ್ಟ ಡಬ್ಬಿಯ ಮೇಲೆ ಒಂದು ಅಂಕಿ, ಒಂದು ಹೆಸರು, ಒಂದು ಬಣ್ಣ ಇರುತ್ತವೆ. ಮೂರನ್ನೂ ನಂಬಿ ಹಣ ಕೊಟ್ಟು ಬಂದು, ಬೆಸುಗೆ ಹಾಕಿ, ತಂತಿ ಮೀಟಿದ ಮೇಲೆ ಮುಖ ಸಪ್ಪಗಾದವರು ಕಡಿಮೆಯಿಲ್ಲ.

ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಜೊತೆಗಿರುವ ತಾಮ್ರದ ಎಳೆಯ ಸುರುಳಿ. ಮೇಲಿರುವ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಕದಡಿ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಆದರೆ ಸುರುಳಿ ತಂತಿಯ ಮಾತನ್ನಷ್ಟೇ ಕೇಳುವುದಿಲ್ಲ. ಸುತ್ತಲಿನ ಟ್ಯೂಬ್‌ಲೈಟು, ಟ್ರಾನ್ಸ್‌ಫಾರ್ಮರು, ನಮ್ಮ ಜಾತ್ರೆ-ಮದುವೆಗಳ ವೇದಿಕೆಯ ಹಿಂದಿನ ಜನರೇಟರು, ಇವೆಲ್ಲವುಗಳ 50 ಹರ್ಟ್ಜ್ ಗುಂಯ್‌ಗುಟ್ಟುವಿಕೆಯನ್ನೂ ಅದು ಹಿಡಿದುಕೊಳ್ಳುತ್ತದೆ. ಪಕ್ಕಪಕ್ಕದಲ್ಲಿ ಎರಡು ಸುರುಳಿಗಳನ್ನಿಟ್ಟು, ಅಯಸ್ಕಾಂತದ ಧ್ರುವವನ್ನೂ ಸುರುಳಿಯ ದಿಕ್ಕನ್ನೂ ಒಂದಕ್ಕೊಂದು ವಿರುದ್ಧವಾಗಿಸಿದರೆ, ಹೊರಗಿನ ಗುಂಯ್ ಪರಸ್ಪರ ಕಳೆದುಹೋಗಿ ತಂತಿಯ ಸಂಕೇತ ಮಾತ್ರ ಕೂಡಿಕೊಳ್ಳುತ್ತದೆ. ಅದೇ ಹಂಬಕರ್.

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ನಗರದಲ್ಲಿದ್ದ ಗಿಬ್ಸನ್ ಕಾರ್ಖಾನೆಯ ಸೇತ್ ಲವರ್ ಎಂಬ ತಂತ್ರಜ್ಞರು ಇದಕ್ಕಾಗಿ 1955ರ ಜೂನಿನಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. ಮಂಜೂರಾದದ್ದು 1959ರ ಜುಲೈಯಲ್ಲಿ. ಈ ನಡುವೆ 1957ರಿಂದಲೇ ಲೆಸ್ ಪಾಲ್ ಗಿಟಾರುಗಳಿಗೆ ಆ ಪಿಕಪ್‌ಗಳನ್ನು ಕೂರಿಸಿ ಮಾರಲಾಗುತ್ತಿತ್ತು. ಅವುಗಳ ತಳಕ್ಕೆ ಅಂಟಿಸಿದ ಪುಟ್ಟ ಚೀಟಿಯಲ್ಲಿ ‘ಪೇಟೆಂಟಿಗೆ ಅರ್ಜಿ ಸಲ್ಲಿಸಿದೆ’ ಎಂಬರ್ಥದ ಮೂರು ಇಂಗ್ಲಿಷ್ ಪದಗಳಿದ್ದವು. ಆ ಪದಗಳ ಮೊದಲಕ್ಷರಗಳಾದ ‘ಪಿ.ಎ.ಎಫ್.’ ಎಂಬುದು ಇಂದು ಗಿಟಾರ್ ಲೋಕದ ಮಂತ್ರಾಕ್ಷರ. ಕಾನೂನಿನ ದೃಷ್ಟಿಯಲ್ಲಿ ಅದು ಇತರರಿಗೆ ಕೊಟ್ಟ ಎಚ್ಚರಿಕೆಯೇ ಹೊರತು ಗುಣದ ಪ್ರಮಾಣಪತ್ರವಲ್ಲ. ಪೇಟೆಂಟ್ ಕೈಗೆ ಬಂದ ಮೇಲೂ ಕೆಲವು ವರ್ಷ ಅದೇ ಚೀಟಿ ಮುಂದುವರಿಯಿತು. ಕೊನೆಗೆ ಸಂಖ್ಯೆಯಿರುವ ಹೊಸ ಚೀಟಿ ಬಂದಾಗ ಅದರಲ್ಲಿದ್ದದ್ದು ಲವರ್ ಅವರ ಪೇಟೆಂಟಿನ ಸಂಖ್ಯೆಯಲ್ಲ. ಲೆಸ್ ಪಾಲ್ ಅವರು ತಂತಿ ಕಟ್ಟುವ ಟೇಲ್‌ಪೀಸಿಗಾಗಿ ಪಡೆದಿದ್ದ 2,737,842ನೇ ಪೇಟೆಂಟಿನ ಸಂಖ್ಯೆ! ನಕಲು ಮಾಡುವವರ ದಾರಿ ತಪ್ಪಿಸಲು ಹೂಡಿದ ಉಪಾಯವೆಂದು ಕೆಲವರು, ಬರೀ ಅಚಾತುರ್ಯವೆಂದು ಕೆಲವರು. ಏನೇ ಇರಲಿ, ಆ ಚೀಟಿಗಾಗಿ ಇಂದು ಸಾವಿರಾರು ಡಾಲರ್ ತೆರುವವರಿದ್ದಾರೆ. ಹಾಗಾಗಿ ಖೋಟಾ ಚೀಟಿಗಳೂ ಇವೆ.

ಚೀಟಿಯ ಅಡಿಯಲ್ಲಿದ್ದ ವಸ್ತುವಾದರೂ ಒಂದೇ ತೆರನಾಗಿತ್ತೇ? ಇರಲಿಲ್ಲ. ಸುತ್ತುಗಳನ್ನೆಣಿಸಿ ತಾನಾಗಿ ನಿಲ್ಲುವ ವ್ಯವಸ್ಥೆ ಅಂದಿನ ಯಂತ್ರಗಳಲ್ಲಿರಲಿಲ್ಲ. ಬಾಬಿನ್ ತುಂಬಿದಂತೆ ಕಂಡಾಗ ಕೆಲಸದವರು ನಿಲ್ಲಿಸುತ್ತಿದ್ದರು. ಆದ್ದರಿಂದ ಒಂದರ ವಿದ್ಯುತ್ ರೋಧ 7 ಕಿಲೋ ಓಮ್ ಇದ್ದರೆ ಇನ್ನೊಂದರದು 9ರ ಹತ್ತಿರ. ಅಯಸ್ಕಾಂತವೂ ಕೈಗೆ ಸಿಕ್ಕ ದರ್ಜೆಯ ಆಲ್ನಿಕೋ. ಅದಕ್ಕಿಂತ ಗಮನಾರ್ಹವಾದದ್ದು, ನೆಕ್ ಬಳಿಗೆ ಬೇರೆ, ಬ್ರಿಡ್ಜ್ ಬಳಿಗೆ ಬೇರೆ ಎಂಬ ವಿಂಗಡಣೆಯೇ ಅಂದು ಇರಲಿಲ್ಲ. ಈಗ ಅಂಗಡಿಯವನು ಗಂಭೀರವಾಗಿ ಹೇಳುವ ‘ಬ್ರಿಡ್ಜ್ ಪಿಕಪ್’ ಎಂಬ ಪ್ರತ್ಯೇಕ ಜಾತಿ ಆಮೇಲೆ ಹುಟ್ಟಿದ್ದು.

ಆ ಜಾತಿಗೆ ಕಾರಣವಿಲ್ಲದಿಲ್ಲ. ನಮ್ಮ ವೀಣೆಯವರು ಕುದುರೆ ಎಂದು ಕರೆಯುವ ಭಾಗವೇ ಗಿಟಾರಿನ ಬ್ರಿಡ್ಜ್. ಅದರ ಬಳಿ ತಂತಿಯ ಓಲಾಟ ಕಿರಿದು, ನಾದ ಚೂಪು. ಆದುದರಿಂದ ಅಲ್ಲಿನ ಪಿಕಪ್‌ಗೆ ತುಸು ಹೆಚ್ಚು ಬಲ ಬೇಕೆಂಬುದು ನ್ಯಾಯವೇ. ತೊಡಕಿರುವುದು ಆ ಬಲವನ್ನು ಅಳೆಯುವಲ್ಲಿ. ಡಬ್ಬಿಯ ಮೇಲಿನ ಕಿಲೋ ಓಮ್ ಅಂಕಿಯನ್ನೇ ಬಲವೆಂದು ಕೊಳ್ಳುವವನು ತಿಳಿಯುತ್ತಾನೆ. ಅದು ಬಲದ ಅಳತೆಯಲ್ಲ, ತಾಮ್ರದ ಎಳೆಯ ರೋಧದ ಅಳತೆ. ಎಳೆ ಸಪೂರವಾದಷ್ಟೂ ರೋಧ ಏರುತ್ತದೆ, ಬಿಸಿಲಿಗಿಟ್ಟರೂ ಏರುತ್ತದೆ. ಸೆಮೂರ್ ಡಂಕನ್ ಸಂಸ್ಥೆಯ ಜೆಬಿ ಪಿಕಪ್ ಸುಮಾರು 16 ಕಿಲೋ ಓಮ್ ತೋರಿಸುತ್ತದೆ, ಡಿಮಾರ್ಜಿಯೋ ಸಂಸ್ಥೆಯ ಸೂಪರ್ ಡಿಸ್ಟಾರ್ಷನ್ ಸುಮಾರು 13.7. ಹಾಗೆಂದು ಎರಡನೆಯದು ದುರ್ಬಲವೆಂದವನು ಅದನ್ನು ನುಡಿಸಿ ನೋಡಿಲ್ಲ. ಅದರಲ್ಲಿರುವುದು ಪ್ರಬಲವಾದ ಸೆರಾಮಿಕ್ ಅಯಸ್ಕಾಂತ, ಮೊದಲನೆಯದರಲ್ಲಿ ಆಲ್ನಿಕೋ 5. ಒಳಗೇ ಪುಟ್ಟ ವರ್ಧಕವಿದ್ದು 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಇಎಂಜಿ 81ರಂಥವುಗಳಲ್ಲಂತೂ ಈ ಅಂಕಿಗೆ ಅರ್ಥವೇ ಇಲ್ಲ. ಇನ್ನೊಂದು ವಿಷಯ: ಸುತ್ತು ಹೆಚ್ಚಿಸಿದರೆ ಸದ್ದು ದೊಡ್ಡದಾಗುವುದಷ್ಟೇ ಅಲ್ಲ, ಮೇಲಿನ ಹೊಳಪು ತಗ್ಗಿ ನಡುಸ್ವರಗಳು ದಪ್ಪಗಾಗುತ್ತವೆ. ಕೊಳ್ಳುವವನು ಬಲ ಕೇಳಿ, ಜೊತೆಯಲ್ಲಿ ಮಬ್ಬನ್ನೂ ಮನೆಗೆ ತಂದಿರುತ್ತಾನೆ.

ಹಾಗಾದರೆ ನಿರ್ಣಾಯಕವಾದ ಸಾಕ್ಷಿ ಯಾವುದು? ಆಂಪ್ಲಿಫೈಯರ್. 1972ರಲ್ಲಿ ಸೂಪರ್ ಡಿಸ್ಟಾರ್ಷನ್ ಬಂದಾಗ ಅಂದಿನ ವಾಲ್ವ್ ಆಂಪ್ಲಿಫೈಯರುಗಳು ತಾವಾಗಿ ಸ್ವರವನ್ನು ಅಷ್ಟಾಗಿ ಒಡೆಯುತ್ತಿರಲಿಲ್ಲ. ಪಿಕಪ್ಪೇ ಅವನ್ನು ಮುಂದಕ್ಕೆ ದಬ್ಬಬೇಕಿತ್ತು. ಇಂದು ಅಗ್ಗದ ಪೆಡಲ್ ಕೂಡ ಬೇಕಾದುದಕ್ಕಿಂತ ಹೆಚ್ಚು ಒಡಕನ್ನು ಕೊಡುತ್ತದೆ. ಅಂಥ ಉಪಕರಣದ ಮುಂದೆ ಅತಿಬಲದ ಪಿಕಪ್ ಇಟ್ಟರೆ ನಾಲ್ಕು ಸ್ವರಗಳ ಕಾರ್ಡ್ ಕೆಸರಾಗುತ್ತದೆ. ಎಡ್ಡಿ ವ್ಯಾನ್ ಹೇಲನ್ 1978ರ ತಮ್ಮ ಬ್ಯಾಂಡಿನ ಮೊದಲ ಆಲ್ಬಮ್ಮಿನಲ್ಲಿ ಜಗತ್ತನ್ನು ಬೆಚ್ಚಿಬೀಳಿಸಿದ್ದು ಹಳೆಯ ಗಿಬ್ಸನ್ ಇಎಸ್-335 ಗಿಟಾರಿನಿಂದ ಕಿತ್ತ ಹಂಬಕರಿನಿಂದ. ಅದನ್ನು ತಾವೇ ಜೋಡಿಸಿದ ಗಿಟಾರಿನ ಬ್ರಿಡ್ಜ್ ಬಳಿ ಓರೆಯಾಗಿ ಕೂರಿಸಿದ್ದರು. ದೊಡ್ಡ ಸದ್ದಿನಲ್ಲಿ ಕೀಚಲು ಕೂಗದಂತೆ ಸುರುಳಿಯನ್ನು ಕರಗಿದ ಮೇಣದಲ್ಲಿ ಅದ್ದಿದ್ದೂ ಅವರೇ. ಆದ್ದರಿಂದ ಜೋರಾಗಿ ನುಡಿಸುವವನು ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಓಮ್ ಎಂಬುದಲ್ಲ, ಮೇಣ ತುಂಬಿದೆಯೇ ಎಂಬುದು.

ಓರೆಯಾಗಿಟ್ಟದ್ದಕ್ಕೂ ಕಾರಣವಿದೆ. ಗಿಬ್ಸನ್ ಮಾದರಿಯ ಪಿಕಪ್ಪಿನಲ್ಲಿ ಮೊದಲ ಮತ್ತು ಆರನೆಯ ಕಂಬಗಳ ನಡುವೆ ಸುಮಾರು 49 ಮಿಲಿಮೀಟರ್ ಅಂತರ; ಫೆಂಡರ್ ಮಾದರಿಯ ಟ್ರೆಮೋಲೋ ಇರುವ ಗಿಟಾರಿನ ತಂತಿಗಳು ಬ್ರಿಡ್ಜ್ ಬಳಿ ಅದಕ್ಕಿಂತ ಅಗಲವಾಗಿ ಹರಡಿರುತ್ತವೆ. ಇವಕ್ಕೆಂದೇ 51ರಿಂದ 53 ಮಿಲಿಮೀಟರಿನ ಪಿಕಪ್‌ಗಳು ದೊರೆಯುತ್ತವೆ. ಸ್ಕೇಲು ಹಿಡಿದು ಅಳೆದುಕೊಂಡು ಹೋಗುವುದು ಲೇಸು. ನಾಲ್ಕು ಎಳೆಗಳ ಕೇಬಲ್ ಇರುವುದನ್ನೇ ಕೊಳ್ಳಬೇಕು. ನೆಕ್ ಬಳಿಯ ಪಿಕಪ್ ಬೇರೆ ಕಂಪನಿಯದಾಗಿದ್ದು, ಎರಡೂ ಕೂಡಿದಾಗ ನಾದ ಬಡವಾದರೆ, ಎರಡು ಎಳೆ ಅದಲುಬದಲು ಮಾಡಿ ಸರಿಪಡಿಸಬಹುದು. ಎಳೆಗಳ ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ಹಿಂದೆ ಒಂಟಿ ಸುರುಳಿಯ ಪಿಕಪ್ ಇದ್ದ ಗಿಟಾರಿನಲ್ಲಿ 250 ಕಿಲೋ ಓಮಿನ ವಾಲ್ಯೂಮ್ ಕಂಟ್ರೋಲ್ ಇರುವ ಸಂಭವವಿದೆ. ಹಂಬಕರಿಗೆ 500ರದು ರೂಢಿ. ಅದನ್ನು ಬದಲಿಸದೆ ಹೊಸ ಪಿಕಪ್ ಮಂಕೆಂದು ದೂರುವುದು ನಿರಪರಾಧಿಯ ಮೇಲೆ ಕೇಸು ಹಾಕಿದಂತೆ.

ಬಣ್ಣದ ಮಾತು ಉಳಿಯಿತು. ಎರಡೂ ಬಾಬಿನ್ ಕೆನೆಬಣ್ಣದ್ದಾಗಿರುವ ಹಂಬಕರಿಗೆ ಅಭಿಮಾನಿಗಳು ಬಹಳ. ಅಮೆರಿಕದಲ್ಲಿ ಆ ಜೋಡಿ ಕೆನೆಬಣ್ಣವೇ ಡಿಮಾರ್ಜಿಯೋ ಸಂಸ್ಥೆಯ ನೋಂದಾಯಿತ ಟ್ರೇಡ್‌ಮಾರ್ಕ್. ಇತರರು ಕಪ್ಪು, ಅಥವಾ ಒಂದು ಕಪ್ಪು ಒಂದು ಕೆನೆ ಎಂದು ಮಾರಬೇಕಾಗುತ್ತದೆ. ಹಕ್ಕು ಬಣ್ಣದ ಮೇಲೆ ಇದೆ, ನಾದದ ಮೇಲೆ ಇಲ್ಲ. ತಂತಿಗೆ ಬಾಬಿನ್ನಿನ ಬಣ್ಣ ಕಾಣಿಸುವುದಿಲ್ಲ.

ಇಷ್ಟರ ಮೊದಲು ಹಣ ಖರ್ಚಾಗದ ಒಂದು ಪರೀಕ್ಷೆಯಿದೆ. ಗಿಟಾರಿನಲ್ಲಿ ಈಗಾಗಲೇ ಇರುವ ಪಿಕಪ್ಪಿನ ಎರಡು ಬದಿಯ ಸ್ಕ್ರೂಗಳನ್ನು ತಿರುಗಿಸಿ, ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿಹಿಡಿದಾಗ ತಂತಿಗೂ ಪಿಕಪ್ಪಿಗೂ ಎರಡು ಮಿಲಿಮೀಟರಿನಷ್ಟು ಅಂತರ ಉಳಿಯುವಂತೆ ಏರಿಸಬೇಕು. ತೆಳುವೆನಿಸಿದರೆ ಕಾಲು ಸುತ್ತು ಮೇಲಕ್ಕೆ, ಕೆಸರೆನಿಸಿದರೆ ಕಾಲು ಸುತ್ತು ಕೆಳಕ್ಕೆ. ವಾರವೊಂದು ಹೀಗೆ ನುಡಿಸಿದ ಮೇಲೂ ಕೊರತೆ ಉಳಿದರೆ, ಅದು ಬಲದ ಕೊರತೆಯೋ ಹೊಳಪಿನ ಕೊರತೆಯೋ ಎಂದು ಕಾಗದದಲ್ಲಿ ಬರೆದುಕೊಂಡು ಅಂಗಡಿಗೆ ಹೋಗಬೇಕು. ಕಳಚಿದ ಹಳೆಯದನ್ನು ಎಸೆಯಬಾರದು. ಗಿಟಾರನ್ನು ಮುಂದೆಂದಾದರೂ ಮಾರುವಾಗ ಮೂಲ ಪಿಕಪ್ ಎಲ್ಲಿ ಎಂದು ಕೊಳ್ಳುವವನು ಕೇಳಿಯೇ ಕೇಳುತ್ತಾನೆ.